ಕಾಣೆಯಾದ ಮಾವಿನಹಣ್ಣುಗಳೂ ಪತ್ತೇದಾರಿ ಕಥೆಯ ಅಂಗಗಳೂ

ಕಾರವಾರದ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು, ತಮ್ಮ ಮಗನು ಶಾಲೆಯ ಪುಸ್ತಕಗಳನ್ನು ಬದಿಗಿಟ್ಟು ಪತ್ತೇದಾರಿ ಕಾದಂಬರಿಗಳಲ್ಲಿಯೇ ಮುಳುಗಿರುವನೆಂದೂ, ಇಂಥ ಕಥೆಗಳಲ್ಲಿ ಸಾರವಾದುದು ಏನಾದರೂ ಉಂಟೆ, ಉಂಟಾದರೆ ಒಳ್ಳೆಯದನ್ನು ಗುರುತಿಸುವ ಬಗೆ ಯಾವುದೆಂದೂ ಕೇಳಿದ್ದಾರೆ. ಈ ಪ್ರಶ್ನೆಯು ಅನೇಕ ತಂದೆತಾಯಿಗಳದಾಗಿರಬಹುದು. ಉತ್ತರ ಹೇಳುವ ಮುನ್ನ, ಅಂಕೋಲೆಯ ನಮ್ಮ ಮನೆಯಲ್ಲಿ ಹಿಂದೊಮ್ಮೆ ನಡೆದ ಸಣ್ಣ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ.

ಅದು ಮಾವಿನ ಕಾಲ. ಅಂಕೋಲೆಯ ಕರಿ ಈಶಾಡಿನ ರುಚಿಯನ್ನು ಬಲ್ಲವರಿಗೆ ಬಣ್ಣಿಸಬೇಕಾದುದಿಲ್ಲ; ಅರಿಯದವರಿಗೆ ಬಣ್ಣಿಸಿ ಫಲವಿಲ್ಲ. ಉಗ್ರಾಣದ ಕೋಣೆಯಲ್ಲಿ ಹುಲ್ಲು ಹಾಸಿ ಕಾಯಿಗಳನ್ನು ಹಣ್ಣಿಗೆ ಇಟ್ಟಿದ್ದೆವು. ನಿತ್ಯವೂ ಬೆಳಗಾಗುವಷ್ಟರಲ್ಲಿ ಎರಡೆರಡು ಹಣ್ಣು ಕಡಿಮೆಯಾಗಹತ್ತಿದವು. ಮನೆಯಲ್ಲಿ ಇದ್ದವರು ನಾವು ದಂಪತಿಗಳು, ಇಬ್ಬರು ಮಕ್ಕಳು, ಹಲ್ಲು ಬಿದ್ದು ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ದೊಡ್ಡಪ್ಪನವರು. ಹಗಲು ಬಂದು ಪಾತ್ರೆ ತೊಳೆದು ಕಸ ಗುಡಿಸಿ ಹೋಗುವ ಒಬ್ಬ ಹೆಂಗಸು. ಅಂಗಳದಲ್ಲಿ, ಹೊರಗಿನವರ ನೆರಳು ಕಂಡರೂ ಬೊಗಳುವ ನಾಯಿ. ಪಥ್ಯವು ಕಟ್ಟುನಿಟ್ಟಾಗಿದ್ದರೂ ದೊಡ್ಡಪ್ಪನವರ ಸಕ್ಕರೆ ಇಳಿಯಲಿಲ್ಲವೆಂದು ವೈದ್ಯರು ಅದೇ ವಾರ ಔಷಧವನ್ನು ಹೆಚ್ಚಿಸಿದ್ದರು. ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ ಮಾವಿನ ಸಿಪ್ಪೆ ಬಿದ್ದಿತ್ತು. ತೆಳ್ಳಗೆ, ಎಲ್ಲಿಯೂ ತುಂಡಾಗದೆ, ದಾರದಂತೆ ಉದ್ದವಾಗಿ.

ನಮ್ಮ ಸಂಶಯವು ಯಾರ ಕಡೆಗೆ ಹರಿಯಿತೆಂಬುದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆ ಹೆಂಗಸಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಆಕೆ ಬರುವ ಹೊತ್ತಿಗೆ ಉಗ್ರಾಣಕ್ಕೆ ಬೀಗ ಬೀಳಹತ್ತಿತು. ಆಕೆಯ ಎದುರಿನಲ್ಲಿಯೇ ಹಣ್ಣುಗಳ ಎಣಿಕೆ ನಡೆಯಿತು. ಬಾಯಿ ಆಡದ ಮಾತನ್ನು ಬೀಗವು ಆಡಿತು. ಮೂರನೆಯ ದಿನದಿಂದ ಆಕೆ ಕೆಲಸಕ್ಕೆ ಬರಲಿಲ್ಲ.

ಕಥೆಯನ್ನು ಇಲ್ಲಿ ನಿಲ್ಲಿಸೋಣ. ಪತ್ತೇದಾರಿ ಕಥೆಗೆ ಬೇಕಾದ ಅಂಗಗಳೆಲ್ಲವೂ ಇಷ್ಟರಲ್ಲಿಯೇ ಅಡಗಿವೆ. ಮೊದಲನೆಯದು ಒಂದು ಗುಟ್ಟು. ಅದು ಕೊಲೆಯೇ ಆಗಬೇಕೆಂದಿಲ್ಲ. ಎರಡನೆಯದು ಎಣಿಸಿ ಹೇಳಬಹುದಾದಷ್ಟು ಜನ. ಕೊನೆಯ ಅಧ್ಯಾಯದಲ್ಲಿ ಹೊಸಬನೊಬ್ಬನನ್ನು ಎಳೆತಂದು ಇವನೇ ಕಳ್ಳನೆಂದರೆ ಅದು ವಾಚಕನಿಗೆ ಮಾಡಿದ ಮೋಸ. ಮೂರನೆಯದು ಸುಳುಹುಗಳು, ಅವು ಎಲ್ಲರ ಕಣ್ಣೆದುರಿಗೇ ಬಿದ್ದಿರಬೇಕು, ಆದರೆ ಒಂದಕ್ಕೊಂದು ಕೂಡಿಸಿದವರು ಇರಬಾರದು. ನಾಲ್ಕನೆಯದು ತಪ್ಪುದಾರಿ. ಐದನೆಯದು ಅವಸರಪಡದ ಶೋಧಕ. ಆರನೆಯದು ಊಹೆಯಿಂದಲ್ಲದೆ ಪುರಾವೆಯಿಂದ ಬಿಡಿಸಿದ ಗಂಟು.

೧೯೨೯ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಗಳು, ತಾವೂ ಇಂಥ ಕಾದಂಬರಿಗಳನ್ನು ಬರೆದವರು, ಈ ಬಗೆಯ ಬರವಣಿಗೆಗೆ ಹತ್ತು ಕಟ್ಟಳೆಗಳನ್ನು ಹಾಕಿದರು. ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು. ಮಾಯೆ ಮಾಟಗಳಿಂದ ಗುಟ್ಟು ಬಿಡಕೂಡದು. ಪತ್ತೇದಾರನಿಗೆ ದೊರೆತ ಸುಳುಹು ವಾಚಕನಿಗೂ ದೊರೆಯಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದವು. ಅಂದರೆ ಕಥೆಗಾರನು ನ್ಯಾಯವಂತನಾಗಿರಬೇಕು.

ತಪ್ಪುದಾರಿಯ ವಿಷಯದಲ್ಲಿ ಇನ್ನೊಂದು ಮಾತು. ಈ ಜಾತಿಯ ಕಥೆಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು ಅಮೇರಿಕದ ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಬರೆದ, ಪ್ಯಾರಿಸ್ ನಗರದ ಕೊಲೆಯೊಂದರ ಕಥೆ. ಮುಚ್ಚಿದ ಕೋಣೆಯೊಳಗಿನಿಂದ ಒಂದು ದನಿ ಕೇಳಿಬರುತ್ತದೆ. ಕೇಳಿದವರು ಹಲವು ದೇಶಗಳವರು. ಪ್ರತಿಯೊಬ್ಬನೂ ಅದು ತನ್ನ ಭಾಷೆಯಲ್ಲ, ಪರದೇಶದವನ ಭಾಷೆ ಎಂದೇ ಸಾಕ್ಷಿ ನುಡಿಯುತ್ತಾನೆ. ಆ ದನಿ ಯಾರದೆಂದು ನಾವು ಹೇಳಿ ವಾಚಕರ ಸುಖವನ್ನು ಕೆಡಿಸುವುದಿಲ್ಲ. ಆದರೆ ನೋಡಿರಿ: ಗುಟ್ಟು ಎದುರಾದೊಡನೆ ಮನುಷ್ಯನ ಬೆರಳು ಹೊರಗಿನವನ ಕಡೆಗೇ ತಿರುಗುತ್ತದೆ. ನಮ್ಮ ಬೆರಳೂ ಹಾಗೆಯೇ ತಿರುಗಿತ್ತು.

ಈಗ ನಮ್ಮ ಮಾವಿನಹಣ್ಣಿಗೆ ಬರೋಣ. ಆ ಹೆಂಗಸು ಬಾರದ ದಿನಗಳಲ್ಲಿಯೂ ಹಣ್ಣುಗಳು ಹೋದವು. ರಾತ್ರಿ ನಾಯಿಯು ಒಮ್ಮೆಯೂ ಬೊಗಳಲಿಲ್ಲ. ಕಾನನ್ ಡಾಯ್ಲರು ೧೮೯೨ರಲ್ಲಿ ಬರೆದ ಕುದುರೆಯ ಕಥೆಯೊಂದರಲ್ಲಿ ಶೆರ್ಲಾಕ್ ಹೋಮ್ಸನು ಸುಮ್ಮನಿದ್ದ ನಾಯಿಯನ್ನೇ ದೊಡ್ಡ ಸುಳುಹೆಂದು ಹಿಡಿದನು. ಅದನ್ನು ಓದಿಯೂ ನಮಗೆ ಬುದ್ಧಿ ಬಂದಿರಲಿಲ್ಲ. ಮಕ್ಕಳು ಮಾವನ್ನು ಕಚ್ಚಿ ತಿನ್ನುತ್ತಾರೆ. ಚೂರಿ ಹಿಡಿದು ದಾರದಂತೆ ಸಿಪ್ಪೆ ಸುಲಿಯುವವರು ಹಲ್ಲಿಲ್ಲದ ಹಿರಿಯರು. ಇಳಿಯದ ಸಕ್ಕರೆಯ ಕಾರಣವೂ ಆಗ ಹೊಳೆಯಿತು. ಕೇಳಿದೆವು. ದೊಡ್ಡಪ್ಪನವರು ತಲೆ ತಗ್ಗಿಸಿ, "ಇನ್ನೆಷ್ಟು ಮಾವಿನ ಕಾಲ ಕಂಡೇನು?" ಎಂದರು. ಬೀಗದ ಸಂಗತಿಯನ್ನು ಅವರು ಅರಿತಿರಲಿಲ್ಲ. ಅರಿತೊಡನೆ ಕೋಲೂರಿಕೊಂಡು ನಮ್ಮೊಡನೆ ಆಕೆಯ ಮನೆಗೆ ಬಂದರು. ಆಕೆ ಮರಳಿ ಕೆಲಸಕ್ಕೆ ಬಂದಳು. ಆದರೆ ಉಗ್ರಾಣದ ಹೊಸ್ತಿಲನ್ನು ಮಾತ್ರ ಮತ್ತೆಂದೂ ದಾಟಲಿಲ್ಲ. "ಅದೊಂದು ಕೋಣೆ ನೀವೇ ಗುಡಿಸಿಕೊಳ್ಳಿ, ಅಮ್ಮಾ" ಎಂದುಬಿಟ್ಟಳು.

ಆದುದರಿಂದ ಪತ್ತೇದಾರನ ಹಿರಿಯ ಕೆಲಸವು ಅಪರಾಧಿಯನ್ನು ಹಿಡಿಯುವುದಕ್ಕಿಂತಲೂ ನಿರಪರಾಧಿಯನ್ನು ಬಿಡಿಸುವುದೆಂದು ನಾವು ತಿಳಿಯುತ್ತೇವೆ. ಕನ್ನಡದಲ್ಲಿ ಈ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದವರು ಎನ್. ನರಸಿಂಹಯ್ಯನವರು. ಅವರ ಶಾಲೆಯ ಓದು ನಾಲ್ಕನೆಯ ತರಗತಿಗೆ ಮುಗಿದಿತ್ತು. ಬರೆದ ಕಾದಂಬರಿಗಳು ೫೦೦ಕ್ಕೂ ಮಿಕ್ಕಿದವು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕಾದು ಕುಳಿತ ವಾಚಕರು ಓದುವ ಅಭ್ಯಾಸವನ್ನೇ ಅವನಿಂದ ಪಡೆದರು.

ನಮ್ಮ ಕರಾವಳಿಯ ಲೇಖಕರಾದರೋ ಅದೇ ಅಂಗಗಳನ್ನು ಬೇರೆಯಾಗಿ ಹೆಣೆದರು. ಗಂಗಾವಳಿ ಹೊಳೆಯಾಚೆಯ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ (೧೯೭೯) ನಾಗಪ್ಪನು ಕಾರಣ ತಿಳಿಯದೆಯೇ ಕೆಲಸದಿಂದ ಅಮಾನತುಗೊಳ್ಳುತ್ತಾನೆ. ತನ್ನ ಮೇಲಿನ ಆರೋಪವೇನೆಂಬುದನ್ನು ತಾನೇ ಶೋಧಿಸಬೇಕು. ಆರೋಪಿಯೂ ಪತ್ತೇದಾರನೂ ಒಬ್ಬನೇ. ಸಂಶಯಕ್ಕೆ ಗುರಿಯಾದವನ ಒಳಗು ಹೇಗಿರುತ್ತದೆಂಬುದನ್ನು ಅಲ್ಲಿ ಓದಬೇಕು. ಅಂಕೋಲೆಯಲ್ಲಿ ಹುಟ್ಟಿದ ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ (೨೦೧೩) ಪತ್ತೇದಾರನೇ ಇಲ್ಲ. ಹಣ ಬಂದು ಬದಲಾದ ಒಂದು ಕುಟುಂಬವಿದೆ, ಸಣ್ಣ ಸಣ್ಣ ಸುಳುಹುಗಳಿವೆ. ಗಂಟನ್ನು ಬಿಡಿಸುವ ಭಾರ ವಾಚಕನ ಮೇಲೆಯೇ ಬೀಳುತ್ತದೆ.

ಕಾರವಾರದ ಮಿತ್ರರಿಗೆ ನಮ್ಮ ಬಿನ್ನಹವಿಷ್ಟೆ: ಮಗನ ಕೈಯಿಂದ ಪುಸ್ತಕವನ್ನು ಕಸಿಯಬೇಡಿರಿ. ಕೊನೆಯ ಅಧ್ಯಾಯಕ್ಕೆ ಮುನ್ನ ಅವನನ್ನು ನಿಲ್ಲಿಸಿ, ಸಂಶಯ ಯಾರ ಮೇಲೆ, ಅದಕ್ಕೆ ಪುರಾವೆ ಯಾವುದು ಎಂದು ಕೇಳಿರಿ. ಪುರಾವೆಯಿಲ್ಲದೆ ಹೆಸರು ಹೇಳಿದರೆ ಮತ್ತೆ ಮೊದಲಿನಿಂದ ಓದಿಸಿರಿ. ಮುಂದೊಂದು ದಿನ ನಿಮ್ಮ ಮನೆಯಲ್ಲಿ ಏನಾದರೂ ಕಾಣೆಯಾದಾಗ, ದೊಡ್ಡವರು ಬೀಗವನ್ನು ಹುಡುಕುವ ಮುನ್ನ ಆ ಹುಡುಗನು ಗೊಬ್ಬರದ ಗುಂಡಿಯನ್ನು ನೋಡಿಬಂದಾನು.