ಮೆಡೆಲಿನ್ ನಗರದಲ್ಲಿ ಮೊದಲ ದೀರ್ಘವಾಸ: ಹೊರಡುವ ಮುನ್ನವೇ ತೆರೆಯಬೇಕಾದ ಖಾತೆ

ರಫ್ತು ವ್ಯಾಪಾರವೆಂದರೆ ಅಮೆರಿಕ, ಯುರೋಪು ಹಾಗೂ ಕೊಲ್ಲಿ ರಾಷ್ಟ್ರಗಳು ಎಂದಷ್ಟೇ ಭಾವಿಸುವ ಕಾಲ ಹಿಂದೆ ಸರಿದಿದೆ. ಲ್ಯಾಟಿನ್ ಅಮೆರಿಕದ ಮಾರುಕಟ್ಟೆಗಳತ್ತ ಭಾರತದ ಉದ್ಯಮ ಈಗಾಗಲೇ ಹೆಜ್ಜೆಯಿಟ್ಟಿದೆ. ಕೊಲಂಬಿಯಾದ ರಸ್ತೆಗಳಲ್ಲಿ ಬಜಾಜ್ ಮೋಟಾರ್ ಸೈಕಲ್‌ಗಳು ಅಪರಿಚಿತವಲ್ಲ. ಹೀರೋ ಮೋಟೋಕಾರ್ಪ್ ಸಂಸ್ಥೆಯು 2015ರಲ್ಲಿ ಆ ದೇಶದ ಕೌಕಾ ಪ್ರಾಂತ್ಯದ ವಿಯಾ ರಿಕಾದಲ್ಲಿ ಕಾರ್ಖಾನೆಯನ್ನೇ ತೆರೆಯಿತು. ಆದರೆ ದೊಡ್ಡ ಸಂಸ್ಥೆಗಳ ಬೆನ್ನಿಗೆ ಕಾನೂನು ವಿಭಾಗ, ತೆರಿಗೆ ವಿಭಾಗ, ಪ್ರಯಾಣ ವಿಭಾಗಗಳಿರುತ್ತವೆ. ಸಣ್ಣ ಉತ್ಪಾದಕನ ಪಾಲಿಗೆ ಮಗನೋ, ಅಳಿಯನೋ, ನಂಬಿಕೆಯ ಮ್ಯಾನೇಜರೋ ಒಬ್ಬನೇ ಈ ಎಲ್ಲ ವಿಭಾಗಗಳೂ ಆಗಿರುತ್ತಾನೆ.

ಅಂಥವನೊಬ್ಬ ನಾಲ್ಕಾರು ತಿಂಗಳ ಮಟ್ಟಿಗೆ ಕೊಲಂಬಿಯಾದ ನಗರವೊಂದಕ್ಕೆ ಹೊರಡುವಾಗ ಮನೆಯವರ ಚಿಂತೆ ಊಟ ಮತ್ತು ಸುರಕ್ಷತೆಯದು. ಮಾಲೀಕನ ಚಿಂತೆ ಆರ್ಡರಿನದು. ಇವೆರಡೂ ಸಹಜ. ಆದರೆ ಮೊದಲ ದೀರ್ಘವಾಸದ ಲಾಭನಷ್ಟವನ್ನು ಬಹುಪಾಲು ನಿರ್ಧರಿಸುವುದು ಹೊರಡುವ ಮುನ್ನ ಸಿದ್ಧಪಡಿಸಿದ ಕಾಗದಪತ್ರಗಳು ಮತ್ತು ಅಲ್ಲಿ ಕಳೆಯುವ ದಿನಗಳ ಲೆಕ್ಕ. ದೀರ್ಘವಾಸವನ್ನು ಪ್ರವಾಸ ಖರ್ಚಿನ ಬಾಬ್ತಿನಲ್ಲಿ ಸೇರಿಸದೆ, ಬಂಡವಾಳ ಹೂಡಿಕೆಯೆಂದು ಪರಿಗಣಿಸಿ ಪ್ರತ್ಯೇಕ ಖಾತೆ ತೆರೆಯುವುದೇ ವಿವೇಕ.

ನಗರದ ಪರಿಚಯ

ಆಂಟಿಯೋಕಿಯಾ ಪ್ರಾಂತ್ಯದ ರಾಜಧಾನಿಯಾದ ಮೆಡೆಲಿನ್ ಕೊಲಂಬಿಯಾದ ಎರಡನೆಯ ದೊಡ್ಡ ನಗರ. ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಅಬುರ್ರಾ ಕಣಿವೆಯಲ್ಲಿರುವುದರಿಂದ ಅಲ್ಲಿನ ಹವೆ ವರ್ಷವಿಡೀ ಹಿತಕರ. ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಅದು ಹೊರೆಯಾಗದು. ಕೊಡೆ ಮಾತ್ರ ಕೈಯಲ್ಲಿರಬೇಕು. ಇದು ಜವಳಿಯ ಊರು. ಕೊಲ್ತೆಹೆರ್ ಗಿರಣಿ 1907ರಲ್ಲಿಯೂ, ಫ್ಯಾಬ್ರಿಕಾತೋ 1920ರಲ್ಲಿಯೂ ಸ್ಥಾಪನೆಯಾದವು. ಜನವರಿಯಲ್ಲಿ ಕೊಲಂಬಿಯಾಟೆಕ್ಸ್, ಜುಲೈ ಸುಮಾರಿಗೆ ಕೊಲಂಬಿಯಾಮೋಡಾ ಎಂಬ ಜವಳಿ ಮತ್ತು ಸಿದ್ಧ ಉಡುಪುಗಳ ಮೇಳಗಳು ನಡೆಯುತ್ತವೆ. ನೂಲು, ಬಣ್ಣ, ಗುಂಡಿ, ಝಿಪ್ ಅಥವಾ ಯಂತ್ರಭಾಗಗಳನ್ನು ಮಾರುವವರು ತಮ್ಮ ವಾಸದ ಅವಧಿಯಲ್ಲಿ ಇವುಗಳಲ್ಲಿ ಒಂದಾದರೂ ಒಳಗೊಳ್ಳುವಂತೆ ಯೋಜಿಸುವುದು ಲೇಸು.

1995ರಲ್ಲಿ ಆರಂಭವಾದ ಮೆಟ್ರೋ ಮತ್ತು 2004ರಿಂದ ಬೆಟ್ಟದ ಬಡಾವಣೆಗಳನ್ನು ಅದಕ್ಕೆ ಜೋಡಿಸಿರುವ ತೂಗುಬಂಡಿಗಳು ನಗರದ ಹೆಮ್ಮೆ. ವಿಮಾನ ನಿಲ್ದಾಣವಿರುವುದು ಕಣಿವೆಯ ಆಚೆ ರಿಯೋನೆಗ್ರೋದಲ್ಲಿ. ಅಲ್ಲಿನ ವಿಳಾಸ ಪದ್ಧತಿಯನ್ನು ಮೊದಲ ದಿನವೇ ಕಲಿಯಬೇಕು. ಕಾಯೆ 10, ಸಂಖ್ಯೆ 43-20 ಎಂದರೆ ಹತ್ತನೆಯ ಕಾಯೆಯಲ್ಲಿ, 43ನೆಯ ಕರ್ರೇರಾ ಕೂಡುವ ಮೂಲೆಯಿಂದ ಸುಮಾರು 20 ಮೀಟರ್ ದೂರದ ಕಟ್ಟಡ ಎಂದರ್ಥ. ಇದು ತಿಳಿದವನು ದಾರಿ ತಪ್ಪುವುದು ಅಪರೂಪ.

ದಿನಗಳ ಮೂರು ಲೆಕ್ಕ

ಪ್ರವೇಶದ ಅನುಮತಿ ಮೊದಲ ಲೆಕ್ಕ. ಅಲ್ಪಾವಧಿ ಭೇಟಿಗೆ ಸಾಮಾನ್ಯವಾಗಿ 90 ದಿನಗಳ ಅನುಮತಿ ದೊರೆಯುತ್ತದೆ; ಅದನ್ನು ಇನ್ನೂ 90 ದಿನ ವಿಸ್ತರಿಸಲು ಅವಕಾಶವಿದೆ; ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಮೀರುವಂತಿಲ್ಲ. ಭಾರತೀಯರಿಗೆ ವೀಸಾ ಬೇಕು. ಅಮೆರಿಕ ಅಥವಾ ಷೆಂಗೆನ್ ವೀಸಾ ಹೊಂದಿದವರಿಗೆ ಷರತ್ತುಬದ್ಧ ವಿನಾಯಿತಿ ಇದ್ದರೂ ಟಿಕೆಟ್ ಕೊಳ್ಳುವ ಮುನ್ನ ದೆಹಲಿಯ ಕೊಲಂಬಿಯಾ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಸಾಗುವವರಿಗೆ ಕೇವಲ ವಿಮಾನ ಬದಲಿಸಲೂ ಆ ದೇಶದ ವೀಸಾ ಅಗತ್ಯ. ಮೂರು ತಿಂಗಳಿಗೂ ಹೆಚ್ಚಿನ ವೀಸಾ ಪಡೆದವರು ಅಲ್ಲಿ ತಲುಪಿದ 15 ದಿನಗಳೊಳಗೆ ವಲಸೆ ಇಲಾಖೆಯಲ್ಲಿ ನೋಂದಾಯಿಸಿ ವಿದೇಶೀಯರ ಗುರುತಿನ ಚೀಟಿ ಪಡೆಯಬೇಕು.

ಎರಡನೆಯದು ಕೊಲಂಬಿಯಾದ ತೆರಿಗೆಯ ಲೆಕ್ಕ. ಸತತ 365 ದಿನಗಳ ಯಾವುದೇ ಅವಧಿಯಲ್ಲಿ, ಬಂದ ದಿನ ಹೋದ ದಿನ ಸೇರಿ, 183 ದಿನಗಳಿಗಿಂತ ಹೆಚ್ಚು ಅಲ್ಲಿದ್ದವನು ಆ ದೇಶದ ತೆರಿಗೆ ನಿವಾಸಿ. ಈ ದಿನಗಳು ಒಂದೇ ಸಮನೆ ಇರಬೇಕೆಂದಿಲ್ಲ. ನಿವಾಸಿಯಾದವನ ಜಾಗತಿಕ ಆದಾಯವೆಲ್ಲ ಅಲ್ಲಿನ ತೆರಿಗೆಯ ವ್ಯಾಪ್ತಿಗೆ ಬರುತ್ತದೆ.

ಮೂರನೆಯದು ಭಾರತದ ಲೆಕ್ಕ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇಲ್ಲಿದ್ದವನು ನಿವಾಸಿ. ಅಷ್ಟಿಲ್ಲದಿದ್ದರೂ, ಆ ವರ್ಷ 60 ದಿನ ಹಾಗೂ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವನೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿವಾಸಿಯೇ. ಆರು ತಿಂಗಳು ಹೊರಗಿದ್ದ ಮಾತ್ರಕ್ಕೆ ಅನಿವಾಸಿಯಾದೆನೆಂಬ ಭಾವನೆ ತಪ್ಪು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪ್ರತಿನಿಧಿಯೊಬ್ಬ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಮೆಡೆಲಿನ್‌ನಲ್ಲಿ ಇದ್ದ. ಅನುಮತಿಯನ್ನು ಕ್ರಮವಾಗಿ ವಿಸ್ತರಿಸಿಕೊಂಡ. ಅದು 122 ದಿನ. ಜನವರಿಯಲ್ಲಿ ಊರಿಗೆ ಬಂದು ಫೆಬ್ರವರಿ 1ರಿಂದ ಏಪ್ರಿಲ್ 15ರವರೆಗೆ ಮತ್ತೆ ಹೋದ. ಅದು 74 ದಿನ. ಕ್ಯಾಲೆಂಡರ್ ವರ್ಷವೊಂದಕ್ಕೆ 180ರ ಮಿತಿಯನ್ನು ಆತ ಎಲ್ಲಿಯೂ ಮೀರಲಿಲ್ಲ; ವಲಸೆ ಅಧಿಕಾರಿಗೆ ಆತನ ಮೇಲೆ ತಕರಾರಿಲ್ಲ. ಆದರೆ 365 ದಿನಗಳೊಳಗೆ ಒಟ್ಟು 196 ದಿನಗಳಾದವು. ಹೀಗೆ ಎರಡು ವರ್ಷಗಳಿಗೆ ಹರಡಿದಾಗ ಎರಡನೆಯ ವರ್ಷದಿಂದ ಆತ ಅಲ್ಲಿನ ತೆರಿಗೆ ನಿವಾಸಿ. ಭಾರತದಲ್ಲಿಯೂ ಆತ ಸಾಮಾನ್ಯವಾಗಿ ನಿವಾಸಿಯಾಗಿಯೇ ಉಳಿದಿರುತ್ತಾನೆ. ಎರಡೂ ದೇಶಗಳು ಕೈಚಾಚುವ ಸ್ಥಿತಿ ಇದು.

ಭಾರತ ಮತ್ತು ಕೊಲಂಬಿಯಾಗಳ ನಡುವೆ 2011ರ ಮೇ ತಿಂಗಳಲ್ಲಿ ಸಹಿಯಾಗಿ 2014ರ ಜುಲೈನಲ್ಲಿ ಜಾರಿಗೆ ಬಂದ ದ್ವಿತೆರಿಗೆ ನಿವಾರಣಾ ಒಪ್ಪಂದವಿದೆ. ಖಾಯಂ ಮನೆ ಎಲ್ಲಿದೆ, ಕುಟುಂಬ ಹಾಗೂ ಆರ್ಥಿಕ ಸಂಬಂಧಗಳ ಕೇಂದ್ರ ಎಲ್ಲಿದೆ ಎಂಬ ಕ್ರಮದಲ್ಲಿ ಅದು ವಿವಾದವನ್ನು ಬಗೆಹರಿಸುತ್ತದೆ. ಆದರೆ ಒಪ್ಪಂದದ ನೆರಳು ತಾನಾಗಿ ಬೀಳದು. ತೆರಿಗೆ ನಿವಾಸಿ ಪ್ರಮಾಣಪತ್ರ ಮೊದಲಾದ ದಾಖಲೆಗಳಿಂದ ಅದನ್ನು ಪಡೆಯಬೇಕು. ಇನ್ನೊಂದು ಎಚ್ಚರವೂ ಅಗತ್ಯ. ಪ್ರತಿನಿಧಿಯು ಅಲ್ಲಿ ಕುಳಿತು ಸಂಸ್ಥೆಯ ಪರವಾಗಿ ರೂಢಿಯಾಗಿ ಕರಾರುಗಳಿಗೆ ಸಹಿ ಹಾಕತೊಡಗಿದರೆ ಸಂಸ್ಥೆಗೇ ಅಲ್ಲೊಂದು ಖಾಯಂ ನೆಲೆಯಿದೆಯೆಂದು ತೆರಿಗೆ ಇಲಾಖೆ ವಾದಿಸಬಹುದು. ಮಾತುಕತೆ ಅಲ್ಲಿ, ಅಂತಿಮ ಒಪ್ಪಿಗೆ ಮತ್ತು ಸಹಿ ಇಲ್ಲಿ ಎಂಬ ನಿಯಮವೇ ಕ್ಷೇಮ. ಆ ನಿಯಮ ಕಾಗದದಲ್ಲಷ್ಟೇ ಉಳಿಯದೆ ನಡವಳಿಕೆಯಲ್ಲಿಯೂ ಇರಬೇಕು. ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನಗಳನ್ನು ಬರೆದಿಡುವ ಕಿರ್ದಿಯೊಂದನ್ನು ಮೊದಲ ದಿನದಿಂದಲೇ ಇಡತಕ್ಕದ್ದು.

ಕಾಗದಪತ್ರ ಮತ್ತು ಲಸಿಕೆ

ಹಳದಿ ಜ್ವರದ ಲಸಿಕೆಯನ್ನು ಅನೇಕರು ಕಡೆಗಣಿಸುತ್ತಾರೆ. ಈ ರೋಗವಿರುವ ದೇಶಗಳ ಭಾರತದ ಪಟ್ಟಿಯಲ್ಲಿ ಕೊಲಂಬಿಯಾ ಇದೆ. ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. 2025ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಸರ್ಕಾರ ಈ ಜ್ವರದ ಕಾರಣದಿಂದ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಿತ್ತು. ಚುಚ್ಚುಮದ್ದು ಪಡೆದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ. ಬಳಿಕ ಅದು ಜೀವನಪರ್ಯಂತ ಊರ್ಜಿತ. ಆದ್ದರಿಂದ ಹೊರಡುವ ಹಿಂದಿನ ವಾರ ಲಸಿಕಾ ಕೇಂದ್ರಕ್ಕೆ ಓಡಿ ಪ್ರಯೋಜನವಿಲ್ಲ.

ಅಧಿಕಾರ ಪತ್ರ, ಸಂಸ್ಥೆಯ ನೋಂದಣಿ ಪತ್ರ, ಪದವಿ ಪತ್ರ ಮೊದಲಾದವುಗಳಿಗೆ ಇಲ್ಲಿಯೇ ಅಪೋಸ್ಟಿಲ್ ಮುದ್ರೆ ಪಡೆಯಬೇಕು. ಎರಡೂ ದೇಶಗಳು ಆ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿವೆ. ಅನಂತರ ಅಧಿಕೃತ ಭಾಷಾಂತರಕಾರರಿಂದ ಸ್ಪ್ಯಾನಿಷ್ ಅನುವಾದ. ಈ ಕೆಲಸವನ್ನು ಅಲ್ಲಿಂದ ಮಾಡಿಸಲು ಹೊರಟರೆ ಕಾಗದ ಎರಡು ಬಾರಿ ಸಾಗರ ದಾಟಬೇಕಾಗುತ್ತದೆ.

ಮನೆ ಮತ್ತು ಹಣ

ಮೊದಲ ಎರಡು ವಾರ ಹೋಟೆಲಿನಲ್ಲಿಯೋ ಸಜ್ಜಿತ ವಸತಿಯಲ್ಲಿಯೋ ಇದ್ದು, ಬಡಾವಣೆಗಳನ್ನು ಹಗಲೂ ರಾತ್ರಿಯೂ ನೋಡಿದ ಮೇಲಷ್ಟೇ ಮನೆ ಗೊತ್ತುಮಾಡಬೇಕು. ಎಲ್ ಪೊಬ್ಲಾದೋ ವಿದೇಶೀಯರ ನೆಚ್ಚಿನ, ದುಬಾರಿ ಬಡಾವಣೆ. ಲೌರೆಲೆಸ್ ಸಮತಟ್ಟಾಗಿದ್ದು ನಡೆದಾಡಲು ಅನುಕೂಲ. ಸಾಮಾನ್ಯ ಬಾಡಿಗೆ ಕರಾರಿಗೆ ಸ್ಥಳೀಯ ಜಾಮೀನುದಾರನನ್ನು ಕೇಳುವುದು ರೂಢಿ. 2003ರ 820ನೆಯ ಕಾನೂನು ವಾಸದ ಮನೆಗೆ ನಗದು ಠೇವಣಿ ಪಡೆಯುವುದನ್ನು ನಿಷೇಧಿಸಿದೆ; ಮಾಸಿಕ ಬಾಡಿಗೆ ಮನೆಯ ಮಾರುಕಟ್ಟೆ ಬೆಲೆಯ ಶೇ. 1ನ್ನು ಮೀರಬಾರದೆಂದಿದೆ. ಬೆಂಗಳೂರಿನ ಅಡ್ವಾನ್ಸ್ ಪದ್ಧತಿಗೆ ಒಗ್ಗಿದವರು ಮುಂಗಡ ಮೊತ್ತ ಕೇಳಿದ ಕೂಡಲೇ ಕೊಟ್ಟುಬಿಡದೆ ಕರಾರನ್ನು ವಕೀಲರಿಗೆ ತೋರಿಸುವುದು ಒಳಿತು. ನಲ್ಲಿಯ ನೀರು ಮೆಡೆಲಿನ್‌ನಲ್ಲಿ ಕುಡಿಯಲು ಯೋಗ್ಯ.

ಅಂಕಿಗಳ ಬರವಣಿಗೆ ವ್ಯಾಪಾರಿಯನ್ನು ಬೀಳಿಸಬಲ್ಲ ಗುಂಡಿ. ಪೆಸೋಗೂ ಡಾಲರಿನ ಚಿಹ್ನೆಯನ್ನೇ ಬಳಸುತ್ತಾರೆ. ಸಾವಿರದ ಸ್ಥಾನದಲ್ಲಿ ಚುಕ್ಕೆ, ದಶಾಂಶಕ್ಕೆ ಅಲ್ಪವಿರಾಮ: 1.500 ಎಂದರೆ ಅಲ್ಲಿ ಒಂದೂವರೆ ಸಾವಿರ. ಅಲ್ಲಿನ ಬಿಯೋನ್ ಇಂಗ್ಲಿಷಿನ ಬಿಲಿಯನ್ ಅಲ್ಲ. ಅದು ಹತ್ತು ಲಕ್ಷದ ಹತ್ತು ಲಕ್ಷ ಪಟ್ಟು. ದರಪಟ್ಟಿಯಲ್ಲಿ ನಾಣ್ಯದ ಹೆಸರನ್ನೂ ಮೊತ್ತವನ್ನೂ ಅಕ್ಷರಗಳಲ್ಲಿ ಬರೆಯುವುದು ಕಡ್ಡಾಯವೆಂದೇ ತಿಳಿಯಬೇಕು. ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರ ಶೇ. 19, ಬ್ಯಾಂಕ್ ಖಾತೆಯಿಂದ ಹಣ ಹೊರಹೋದಾಗ ಸಾವಿರಕ್ಕೆ ನಾಲ್ಕರಂತೆ ಪ್ರತ್ಯೇಕ ತೆರಿಗೆಯುಂಟು.

ಅಲ್ಲಿ ಬ್ಯಾಂಕ್ ಖಾತೆ ತೆರೆದ ಭಾರತದ ನಿವಾಸಿಯು ಅದನ್ನು ಇಲ್ಲಿನ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ತೋರಿಸಲೇಬೇಕು. 2015ರ ಕಪ್ಪುಹಣ ಕಾಯಿದೆಯಡಿ ತೋರಿಸದಿದ್ದುದಕ್ಕೆ 10 ಲಕ್ಷ ರೂಪಾಯಿ ದಂಡ ವಿಧಿಸಲು ಅವಕಾಶವಿದೆ. 2024ರ ಅಕ್ಟೋಬರ್‌ನಿಂದ, ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ಮೀರದ ಚರ ಸ್ವತ್ತುಗಳಿಗೆ ಈ ದಂಡದಿಂದ ವಿನಾಯಿತಿ ದೊರೆತಿದೆ. ತೋರಿಸುವ ಹೊಣೆ ಮಾತ್ರ ತಪ್ಪಿಲ್ಲ.

ಗ್ರಾಹಕನ ಪರೀಕ್ಷೆ

ಕೊಲಂಬಿಯಾದಲ್ಲಿ ವರ್ತಕರ ಅಧಿಕೃತ ನೋಂದಣಿ ಪುಸ್ತಕವನ್ನು ಕಾನೂನಿನ ಪ್ರಕಾರ ನಿರ್ವಹಿಸುವುದು ವಾಣಿಜ್ಯ ಮಂಡಳಿಗಳೇ. 1904ರಲ್ಲಿ ಸ್ಥಾಪನೆಯಾದ ಮೆಡೆಲಿನ್‌ನ ವಾಣಿಜ್ಯ ಮಂಡಳಿಯಿಂದ ಯಾರು ಬೇಕಾದರೂ ಸಂಸ್ಥೆಯೊಂದರ ಅಸ್ತಿತ್ವ ಮತ್ತು ಪ್ರಾತಿನಿಧ್ಯದ ಪ್ರಮಾಣಪತ್ರವನ್ನು ಪಡೆಯಬಹುದು. ಸಂಸ್ಥೆ ಜೀವಂತವಿದೆಯೇ, ಅದರ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗಿದೆ, ಆ ಅಧಿಕಾರಕ್ಕೆ ಮೊತ್ತದ ಮಿತಿಯುಂಟೇ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಇಷ್ಟು ಸುಲಭವಾಗಿ ದೊರೆಯುವ ಕಾಗದವನ್ನು ನೋಡದೆ ಸಾಲದ ಮೇಲೆ ಸರಕು ಕಳುಹಿಸುವುದು ಧೈರ್ಯವಲ್ಲ, ಅಲಕ್ಷ್ಯ. ಇದರ ಜೊತೆಗೆ ರಫ್ತು ಸಾಲ ಖಾತರಿ ನಿಗಮದ ವಿಮೆಯೂ ಇದ್ದರೆ ನಿದ್ರೆ ನೆಮ್ಮದಿಯದು.

ಯಂತ್ರೋತ್ಪಾದಕರು ಗಮನಿಸಬೇಕಾದ ಮಾತೊಂದಿದೆ. ಅಲ್ಲಿನ ಗೃಹಬಳಕೆಯ ವಿದ್ಯುತ್ತು ಸುಮಾರು 110ರಿಂದ 120 ವೋಲ್ಟ್, ಆವರ್ತನ 60 ಹರ್ಟ್ಸ್. ಇಲ್ಲಿನ 230 ವೋಲ್ಟ್, 50 ಹರ್ಟ್ಸ್‌ಗೆ ತಯಾರಾದ ಮೋಟಾರಿನ ಮಾದರಿಯನ್ನು ಹಾಗೆಯೇ ಒಯ್ದು ಗ್ರಾಹಕನೆದುರು ಚಾಲನೆ ಮಾಡಲು ಹೋದರೆ ನಗೆಪಾಟಲಾಗುವುದು ಸರಕಲ್ಲ, ಸಂಸ್ಥೆಯ ಹೆಸರು.

ಮಾತು, ಊಟ, ಎಚ್ಚರ

ಇಂಗ್ಲಿಷ್ ಒಂದರಿಂದಲೇ ವ್ಯವಹಾರ ಸಾಗದು. ಹೊರಡುವ ಮೂರು ತಿಂಗಳ ಮೊದಲೇ ಸ್ಪ್ಯಾನಿಷ್ ಕಲಿಕೆ ಆರಂಭಿಸಬೇಕು. ಕಚೇರಿಗೆ ಹೊಕ್ಕೊಡನೆ ಕುಶಲ ವಿಚಾರಿಸದೆ ದರ ಕೇಳುವುದು ಅಲ್ಲಿ ಒರಟುತನ. ಹಿರಿಯ ಅಧಿಕಾರಿಗಳನ್ನು, ವೈದ್ಯರಲ್ಲದಿದ್ದರೂ, ಡಾಕ್ಟರ್ ಎಂದು ಗೌರವದಿಂದ ಕರೆಯುವ ವಾಡಿಕೆಯಿದೆ. ಸಾರ್ವಜನಿಕ ರಜೆಗಳು ವರ್ಷಕ್ಕೆ 18. ಅನೇಕವು 1983ರ ಕಾನೂನಿನಂತೆ ಸೋಮವಾರಕ್ಕೆ ಸರಿಯುತ್ತವೆ. ಭಾರತದ ಸಮಯ ಹತ್ತೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ಬೆಳಗಿನ 9 ಗಂಟೆಯಾದಾಗ ಇಲ್ಲಿ ಸಂಜೆ 7.30. ದಿನದ ವರದಿಗೆ ಇದೇ ತಕ್ಕ ಹೊತ್ತು.

ಸಸ್ಯಾಹಾರಿಗಳಿಗೆ ಅನ್ನ, ಬಾಳೆ, ಬೆಣ್ಣೆಹಣ್ಣು, ಮೆಕ್ಕೆಜೋಳದ ಅರೇಪಾ ರೊಟ್ಟಿ ಆಸರೆ. ಹುರುಳಿಕಾಯಿ ಬೀಜದ ಸಾರಿನಲ್ಲಿ ಹಂದಿಮಾಂಸ ಬೆರೆಸುವುದು ಸಾಮಾನ್ಯವಾದ್ದರಿಂದ ಕೇಳಿಯೇ ತಿನ್ನಬೇಕು. ಮಾಂಸವಿಲ್ಲ ಎಂಬ ಮಾತಿನಲ್ಲಿ ಕೋಳಿ, ಮೀನು ಸೇರಿರದೆ ಹೋಗಬಹುದು. ಒಂದೊಂದರ ಹೆಸರನ್ನೂ ಹೇಳಿ ಬೇಡವೆನ್ನಬೇಕು.

1990ರ ದಶಕದ ಆರಂಭದಲ್ಲಿ ಜಗತ್ತಿನ ಅತ್ಯಂತ ಅಪಾಯಕರ ನಗರಗಳಲ್ಲಿ ಒಂದೆನಿಸಿದ್ದ ಮೆಡೆಲಿನ್ ಇಂದು ಬಹಳ ಬದಲಾಗಿದೆ. ಆದರೂ 2023ರ ಕೊನೆಯ ಎರಡು ತಿಂಗಳಲ್ಲಿ ಎಂಟು ಮಂದಿ ಅಮೆರಿಕನ್ನರು ಅಲ್ಲಿ ಸಾವಿಗೀಡಾದ ಬಳಿಕ ಆ ದೇಶದ ರಾಯಭಾರ ಕಚೇರಿಯು ಅಪರಿಚಿತರೊಡನೆ ಮೊಬೈಲ್ ಮೂಲಕ ಸ್ನೇಹ ಬೆಳೆಸುವುದರ ವಿರುದ್ಧ ಎಚ್ಚರಿಸಿತು. ಪಾನೀಯದಲ್ಲಿ ಮತ್ತು ಬರಿಸುವ ಔಷಧ ಬೆರೆಸಿ ದೋಚುವ ಕೃತ್ಯಗಳುಂಟು. ಪಪ್ಪಾಯಿ ಕೊಡಬೇಡ ಎಂಬುದು ಅಲ್ಲಿನ ಗಾದೆ: ಕಳ್ಳನಿಗೆ ನೀನಾಗಿ ಅವಕಾಶ ಮಾಡಿಕೊಡಬೇಡ ಎಂದು ಅದರ ತಾತ್ಪರ್ಯ. ಬೀದಿಯಲ್ಲಿ ಮೊಬೈಲ್ ಹಿಡಿದು ನಿಲ್ಲದಿರುವುದು, ದೋಚುವವರು ಎದುರಾದರೆ ಪ್ರತಿಭಟಿಸದಿರುವುದು, ತುರ್ತು ಸಂಖ್ಯೆ 123ನ್ನು ನೆನಪಿಡುವುದು, ಪೂರ್ಣ ಅವಧಿಯ ವೈದ್ಯಕೀಯ ವಿಮೆ ಹೊಂದಿರುವುದು ಕನಿಷ್ಠ ಕ್ರಮಗಳು.

ಉಪಸಂಹಾರ

ಇಷ್ಟೆಲ್ಲ ಸಿದ್ಧತೆಗೆ ಸಮಯವೆಲ್ಲಿದೆ ಎಂಬ ಆಕ್ಷೇಪ ಏಳಬಹುದು. ಲಸಿಕೆ, ಅಪೋಸ್ಟಿಲ್, ಅನುವಾದ, ಒಂದು ಗಂಟೆಯ ತೆರಿಗೆ ಸಲಹೆ, ಇವುಗಳ ಒಟ್ಟು ಖರ್ಚು ಒಂದು ಮರುಪ್ರಯಾಣದ ಟಿಕೆಟ್ಟಿಗಿಂತ ಬಹಳ ಕಡಿಮೆ. ಮೊದಲ ವಾಸದಲ್ಲಿ ದೊಡ್ಡ ಆರ್ಡರ್ ಬಾರದೆ ಹೋದರೂ ನಷ್ಟವಿಲ್ಲ. ಪರೀಕ್ಷಿಸಿದ ಮೂವರು ಗ್ರಾಹಕರು, ನಂಬಲರ್ಹ ಭಾಷಾಂತರಕಾರ, ತಕರಾರಿಲ್ಲದ ಪಾಸ್‌ಪೋರ್ಟ್, ಎರಡೂ ದೇಶಗಳಲ್ಲಿ ಶುದ್ಧವಾದ ಲೆಕ್ಕ, ಇವಿಷ್ಟನ್ನು ಗಳಿಸಿ ಬಂದ ಪ್ರತಿನಿಧಿ ಎರಡನೆಯ ಪ್ರಯಾಣಕ್ಕೆ ಭದ್ರ ಬುನಾದಿ ಹಾಕಿಬಂದನೆಂದೇ ಅರ್ಥ. ಕಳುಹಿಸುವ ಹಿರಿಯರು ಆತನಿಂದ ಮೊದಲು ಕೇಳಬೇಕಾದುದು ಮಾರಾಟದ ಮೊತ್ತವನ್ನಲ್ಲ, ದಿನಗಳ ಕಿರ್ದಿಯನ್ನು.