ಮಗಳನ್ನು ದುಭಾಷಿ ಮಾಡಬೇಡಿ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಯಾವುದೇ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ನಿಂತರೂ ತಮಿಳು, ತೆಲುಗು, ಉರ್ದು, ಮಲಯಾಳಂ, ಒಡಿಯಾ, ಬಂಗಾಳಿ, ನೇಪಾಳಿ ಕಿವಿಗೆ ಬೀಳುತ್ತವೆ. ಕ್ರೈಸ್ಟ್ ವಿಶ್ವವಿದ್ಯಾಲಯದ ಹುಡುಗರು, ಪಿ.ಜಿ.ಗಳ ಅಡುಗೆಯವರು, ಸೆಕ್ಯುರಿಟಿಯವರು, ಮನೆಗೆಲಸದವರು ಎಲ್ಲರೂ ಇಲ್ಲಿದ್ದಾರೆ. ಡೈರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಜನ ರೈಲು ಹತ್ತಿ ದೂರದೂರದಿಂದ ಬರುವ ಆಸ್ಪತ್ರೆಗೆ ನಾವು ಆಟೊದಲ್ಲಿ ಹೋಗಬಹುದು. ಆದರೆ ಮನಸ್ಸಿನ ಕಾಯಿಲೆಯವರು ಮಾತಿಗೆಂದು ಯಾರನ್ನು ಜೊತೆಗೆ ಕರೆತರುತ್ತಾರೆ ಎನ್ನುವುದನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ನಾನು ಇಲ್ಲಿ ಆಪ್ತಸಮಾಲೋಚಕಿ. ಒಡಿಶಾದ ಅಡುಗೆ ಹುಡುಗನೊಬ್ಬ ನಿದ್ದೆಯಿಲ್ಲವೆಂದು ತನ್ನ ಮೇಸ್ತ್ರಿಯ ಜೊತೆ ಬಂದ. ನನ್ನ ಪ್ರತಿ ಪ್ರಶ್ನೆಗೂ ಮೇಸ್ತ್ರಿಯದೇ ಉತ್ತರ: "ಏನಿಲ್ಲ ಮೇಡಂ, ಊರಿನ ನೆನಪು ಅಷ್ಟೆ." ಸಂಬಳ ಹಿಡಿದಿಟ್ಟುಕೊಂಡವನೇ ಪಕ್ಕದಲ್ಲಿ ಕೂತಿದ್ದರೆ ಹುಡುಗ ಏನು ಹೇಳಿಯಾನು? ಬಂಗಾಳಿ ತಾಯಿಯೊಬ್ಬಳು ಆರನೇ ಕ್ಲಾಸಿನ ಮಗಳನ್ನು ಕರೆತಂದಿದ್ದಳು. ಸರ್ಕಾರಿ ಶಾಲೆಯ ಆ ಮಗುವಿನ ಕನ್ನಡ ಚೆನ್ನಾಗಿತ್ತು. ಸಾಯಬೇಕು ಅನ್ನಿಸುತ್ತದೆಯೇ ಎಂದು ತಾಯಿಯನ್ನು ನಾನು ಕೇಳಲೇಬೇಕು. ಅದನ್ನು ಮಗಳ ಬಾಯಿಂದ ಕೇಳಿಸುವುದೇ? ಮಗುವನ್ನು ಹೊರಗೆ ಕೂರಿಸಿದೆ. ಹಿಂದಿ ಬರುತ್ತದಲ್ಲ ಎನ್ನುವವರಿದ್ದಾರೆ. ಈರುಳ್ಳಿ ಕೊಳ್ಳಲು ಸಾಲುವ ಹಿಂದಿ ಎದೆಯ ಸಂಕಟ ಹೇಳಲು ಸಾಲದು.

ಭಾಷೆಯೊಂದೇ ಅಲ್ಲ, ಜನರ ಬದುಕು, ನಂಬಿಕೆಗಳೂ ನಮಗೆ ಅರ್ಥವಾಗಬೇಕು. ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿ ಬಳಿಯ ಕೋಟದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಒಂದೇ ಊರಿನ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳನ್ನು ಬೇರೆಬೇರೆಯಾಗಿ ನೋಡಿದವರು ಅವರು. ಜನ ಮೊರೆಹೋಗುವ ಮಂತ್ರವಾದಿಗಳನ್ನೂ ದೈವ ಮೈಮೇಲೆ ಬರುವ ಪಾತ್ರಿಗಳನ್ನೂ ಅಲಕ್ಷಿಸಲಿಲ್ಲ. ಒಂದು ಹಳ್ಳಿಗೇ ಅಷ್ಟು ತಾಳ್ಮೆ ಬೇಕಾಗಿದ್ದರೆ ಸುದ್ದಗುಂಟೆಪಾಳ್ಯಕ್ಕೆ ಎಷ್ಟು ಬೇಕು! ದರ್ಗಾಕ್ಕೆ ಹೋಗಿ ಬಂದೆ ಎನ್ನುವವರ ಮುಂದೆ ನಾವು ಮುಖ ಸಿಂಡರಿಸಿದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ.

ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕಾಯಿಲೆ, ಚಿಕಿತ್ಸೆಗಳ ವಿವರ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಇದಕ್ಕೆ ದಾರಿಯೂ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಅಂದರೆ 14416, ಹಲವಾರು ಭಾರತೀಯ ಭಾಷೆಗಳಲ್ಲಿ ಮಾತಾಡುತ್ತದೆ. ಅದರ ರಾಷ್ಟ್ರಮಟ್ಟದ ಹೊಣೆ ನಮ್ಮ ನಿಮ್ಹಾನ್ಸ್‌ನದೇ. ಅದೇ ರೀತಿ ನಮ್ಮ ಕ್ಲಿನಿಕ್‌ಗಳಿಗೂ ನನ್ನಂಥವರ ಕೋಣೆಗೂ ಫೋನಿನಲ್ಲೇ ಸಿಗುವ ತರಬೇತಾದ ದುಭಾಷಿಗಳನ್ನು ಆರೋಗ್ಯ ಇಲಾಖೆ ಕೊಡಲಿ. ದೂರದ ದನಿಯಾದರೆ ಇನ್ನೂ ಒಳ್ಳೆಯದು. ಪಕ್ಕದ ಕೋಣೆಯ ತಮ್ಮೂರಿನವನನ್ನೇ ದುಭಾಷಿಯಾಗಿ ಕೂರಿಸಿದರೆ ಮಾತು ಸಂಜೆಯೊಳಗೆ ಊರು ಮುಟ್ಟುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ, ಅದು ಸುಳ್ಳೂ ಅಲ್ಲ.

ಈ ದುಭಾಷಿ ಕೆಲಸಗಳು ಸಂಬಳದ ಹುದ್ದೆಗಳಾಗಬೇಕು. ಸೇವಾಮನೋಭಾವದ ಮೇಲೆ ಬಿಟ್ಟರೆ, ಪರೀಕ್ಷೆ ಮುಗಿದ ಕೂಡಲೇ ವಿದ್ಯಾರ್ಥಿ ಸ್ವಯಂಸೇವಕರು ಊರಿಗೆ ಹೊರಡುತ್ತಾರೆ, ಹುಡುಗ ಮತ್ತೆ ಮೇಸ್ತ್ರಿಯ ಜೊತೆಗೇ ಬರುತ್ತಾನೆ.