ಊರು ಬಿಡಲು ಒಪ್ಪಿಗೆ

ಅಮೆರಿಕದಲ್ಲಿ ಪ್ರೊಬೇಷನ್ ಮೇಲೆ ಹೊರಗಿರುವ ವ್ಯಕ್ತಿ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಬೇಕೆಂದರೆ, ತನ್ನ ಮೇಲ್ವಿಚಾರಣೆಯ ಅಧಿಕಾರಿಯ ಎದುರು ಕೂತು ಕಾರಣ ಹೇಳಬೇಕು. ಹೆಂಡತಿ ಅಲ್ಲಿದ್ದಾಳೆ ಎಂದರೆ ಅದು ಕಾರಣ. ಅಣ್ಣ ಅಲ್ಲಿದ್ದಾನೆ, ಕೆಲಸವನ್ನೂ ನೋಡಿಟ್ಟಿದ್ದಾನೆ ಎಂದರೆ ಇನ್ನೂ ಒಳ್ಳೆಯ ಕಾರಣ. ‘ಇಲ್ಲೇ ಇದ್ದರೆ ಮತ್ತೆ ಕೆಡುತ್ತೇನೆ, ಯಾರೂ ಗುರುತಿಲ್ಲದ ಕಡೆ ಹೋಗಿ ಹೊಸದಾಗಿ ಶುರು ಮಾಡಬೇಕು’ ಎಂದರೆ ಅದು ಕಾರಣಗಳ ಸಾಲಿನಲ್ಲಿ ಕೊನೆಯದು. ಹೇಳುವವನ ಮಟ್ಟಿಗೆ ಎಲ್ಲಕ್ಕಿಂತ ನಿಜವಾದ ಕಾರಣವೇ ನಿಯಮದ ಕಣ್ಣಿಗೆ ಎಲ್ಲಕ್ಕಿಂತ ಸೊರಗಿದ್ದು. ಇದು ಸರಿಯೇ?

ನಮ್ಮ ಕಡೆ ಪ್ರೊಬೇಷನ್ ಎಂದೊಡನೆ ನೆನಪಾಗುವುದು ಹೊಸದಾಗಿ ನೌಕರಿಗೆ ಸೇರಿದವರ ಮೊದಲ ಒಂದೆರಡು ವರ್ಷ. ಇಲ್ಲಿ ಹೇಳುತ್ತಿರುವುದು ಅದಲ್ಲ. ತಪ್ಪು ರುಜುವಾತಾದ ಮೇಲೂ ಜೈಲಿಗೆ ಕಳಿಸದೆ, ಷರತ್ತು ಹಾಕಿ, ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲಿ ಬದುಕಲು ಬಿಡುವ ಏರ್ಪಾಟು ಇದು. ಅಮೆರಿಕದಲ್ಲಿ ಹೀಗೆ ಬದುಕುತ್ತಿರುವವರು ಸುಮಾರು 30 ಲಕ್ಷ ಜನ. ಈ ಪದ್ಧತಿಯ ಮೂಲಪುರುಷ ಬಾಸ್ಟನ್ನಿನ ಒಬ್ಬ ಚಪ್ಪಲಿ ಹೊಲಿಯುವವನು, ಜಾನ್ ಅಗಸ್ಟಸ್. 1841ರಲ್ಲಿ ಕೋರ್ಟಿನಲ್ಲಿ ಕಂಡ ಒಬ್ಬ ಕುಡುಕನಿಗೆ ಆತ ಜಾಮೀನು ನಿಂತ. ಮೂರು ವಾರ ಕಳೆದು ಆ ಮನುಷ್ಯ ಮತ್ತೆ ಕಟಕಟೆಗೆ ಬಂದಾಗ ಗುರುತೇ ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಹಾಕಿದ ದಂಡ ಒಂದು ಸೆಂಟ್. ಅಗಸ್ಟಸ್ ಹೊಣೆ ಹೊತ್ತದ್ದು ಒಬ್ಬ ಮನುಷ್ಯನಿಗೆ. ಆತ ಯಾವ ಗಡಿಯೊಳಗೆ ಇರಬೇಕು ಎಂಬ ನಕ್ಷೆಯನ್ನು ನಂತರ ಬಂದ ಸರ್ಕಾರಗಳು ಎಳೆದವು.

ಊರು ಬದಲಿಸಿದರೆ ಮನುಷ್ಯ ಬದಲಾಗುತ್ತಾನೆಯೇ? ನಮ್ಮ ಗಾದೆಗಳು ಎರಡೂ ಕಡೆ ವಾದ ಮಾಡುತ್ತವೆ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎನ್ನುವುದು ಒಂದು. ಸಂಗದಿಂದ ಸನ್ಯಾಸಿ ಕೆಟ್ಟ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬುವವರು ದೋಷ ಆಳಿನಲ್ಲಿದೆ ಎನ್ನುತ್ತಾರೆ, ಎರಡನೆಯದನ್ನು ನಂಬುವವರು ಅದು ಸುತ್ತಲಿನ ನಾಲ್ಕು ಜನರಲ್ಲಿದೆ ಎನ್ನುತ್ತಾರೆ. ಗಾದೆಗಳ ಈ ಜಗಳವನ್ನು ಒರೆಗೆ ಹಚ್ಚುವುದು ಸುಲಭವಲ್ಲ. ತಾನಾಗಿ ಊರು ಬಿಡುವವನಲ್ಲಿ ತಿದ್ದಿಕೊಳ್ಳುವ ಹಟ ಮೊದಲೇ ಇರಬಹುದು. ಅವನು ಸರಿಹೋದರೆ ಅದು ಹಟದ ಗುಣವೋ ಹೊಸ ಊರಿನ ಗುಣವೋ ಹೇಳಲಾಗದು.

ಹಾಗೆ ಬೇರ್ಪಡಿಸಿ ನೋಡಲು ಅವಕಾಶ ಕೊಟ್ಟದ್ದು ಒಂದು ಚಂಡಮಾರುತ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಅಪ್ಪಳಿಸಿ ನ್ಯೂ ಆರ್ಲಿಯನ್ಸ್ ನೀರಿನಲ್ಲಿ ಮುಳುಗಿತು. ಆ ನಗರವಿರುವ ಲೂಸಿಯಾನಾ ರಾಜ್ಯದ ಜೈಲುಗಳಿಂದ ಪೆರೋಲ್ ಮೇಲೆ, ಅಂದರೆ ಅವಧಿಗೆ ಮುನ್ನವೇ ಷರತ್ತಿನ ಮೇಲೆ, ಹೊರಬರುತ್ತಿದ್ದವರಲ್ಲಿ ಅನೇಕರಿಗೆ ಹಿಂದಿರುಗಲು ಹಳೆಯ ಕೇರಿಯೇ ಉಳಿದಿರಲಿಲ್ಲ. ಮನಸ್ಸಿದ್ದವರೂ ಇಲ್ಲದವರೂ ಬೇರೆ ಕಡೆ ಬಿಡಾರ ಹೂಡಬೇಕಾಯಿತು. ಬಿರುಗಾಳಿ ಯಾರ ಹಟವನ್ನೂ ಕೇಳಿ ಮನೆ ಕೆಡವುವುದಿಲ್ಲವಲ್ಲ. ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ ಇವರನ್ನೆಲ್ಲ ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಳೆಯ ಪ್ಯಾರಿಷ್ (ಅಲ್ಲಿನ ಜಿಲ್ಲೆಗೆ ಆ ಹೆಸರು) ಬಿಟ್ಟು ಬೇರೆ ಕಡೆ ನೆಲೆಸಿದವರು ಮೊದಲ ವರ್ಷದಲ್ಲೇ ಮತ್ತೆ ಜೈಲು ಸೇರುವ ಸಂಭವ ಶೇಕಡಾ 15 ಅಂಶಗಳಷ್ಟು ಕಡಿಮೆಯಿತ್ತು. ಜೈಲಿನಲ್ಲಿ ನಡೆಸುವ ಎಷ್ಟೋ ತರಬೇತಿ, ಬುದ್ಧಿವಾದಗಳು ಇಷ್ಟು ಫಲ ಕೊಡುವುದಿಲ್ಲ. ಹೊಸ ಊರಿನ ಪೊಲೀಸರಿಗೆ ಮುಖಪರಿಚಯ ಇಲ್ಲದಿದ್ದುದೂ ಇದಕ್ಕೆ ಒಂದಿಷ್ಟು ಕಾರಣವಿರಬಹುದು ಎಂದು ಸಂಶಯಪಡುವವರಿಗೆ ನನ್ನ ತಕರಾರಿಲ್ಲ. ಆದರೆ ಅದೂ ನನ್ನ ವಾದವನ್ನೇ ಬಲಪಡಿಸುತ್ತದೆ: ಹಳೆಯ ಊರಿನಲ್ಲಿ ಕಳ್ಳತನ ಯಾರೇ ಮಾಡಲಿ, ಮೊದಲು ಬಾಗಿಲು ಬಡಿಯುವುದು ಗುರುತಿನವನ ಮನೆಯದು.

ಈಗ ನಿಯಮಕ್ಕೆ ಬರೋಣ. ರಾಜ್ಯದಿಂದ ರಾಜ್ಯಕ್ಕೆ ಪ್ರೊಬೇಷನ್ ವರ್ಗಾಯಿಸಲು ಅಮೆರಿಕದ 50 ರಾಜ್ಯಗಳೂ ಸೇರಿ ಒಂದು ಅಂತರರಾಜ್ಯ ಒಪ್ಪಂದ ಮಾಡಿಕೊಂಡಿವೆ; ಅದರ ಈಗಿನ ರೂಪ 2002ರದು. ವರ್ಗಾವಣೆ ಅಪರಾಧಿಯ ಹಕ್ಕಲ್ಲ. ಕಳಿಸುವ ರಾಜ್ಯಕ್ಕೆ ಮನಸ್ಸಿದ್ದರೆ ಕೋರಿಕೆ ಹೋಗುತ್ತದೆ, ಪರಿಶೀಲಿಸಿ ಉತ್ತರಿಸಲು ಆ ಕಡೆಯ ರಾಜ್ಯಕ್ಕೆ 45 ದಿನ. ಆ ರಾಜ್ಯ ಕಡ್ಡಾಯವಾಗಿ ಒಪ್ಪಿಕೊಳ್ಳಬೇಕಾದರೆ ಶಿಕ್ಷೆಯ ಅವಧಿ 90 ದಿನಕ್ಕಿಂತ ಹೆಚ್ಚು ಉಳಿದಿರಬೇಕು, ಈವರೆಗಿನ ಷರತ್ತುಗಳನ್ನು ಪಾಲಿಸಿರಬೇಕು. ಇದರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಮುಂದಿನದನ್ನು ನೋಡಿ. ಆತ ಮೊದಲಿನಿಂದ ಆ ರಾಜ್ಯದ ನಿವಾಸಿಯಾಗಿರಬೇಕು. ಇಲ್ಲವೆ ಅಲ್ಲಿ ಅವನ ರಕ್ತಸಂಬಂಧಿಯೋ ಸಂಗಾತಿಯೋ 180 ದಿನಗಳಿಂದ ವಾಸವಿದ್ದು, ನೆರವಿಗೆ ಒಪ್ಪಿರಬೇಕು, ಜೊತೆಗೆ ಕೆಲಸವೋ ಜೀವನೋಪಾಯವೋ ಇರಬೇಕು. ತಂದೆತಾಯಿ, ಅಜ್ಜಅಜ್ಜಿ, ಚಿಕ್ಕಪ್ಪ, ಸೋದರಮಾವ ಆದೀತು. ಸ್ನೇಹಿತ ಆಗದು. ಇಷ್ಟಿಲ್ಲದವನ ಅರ್ಜಿ ಸಾಮಾನ್ಯವಾಗಿ ‘ವಿವೇಚನೆಗೆ ಬಿಟ್ಟದ್ದು’.

ಹೊಸ ಬದುಕು ಕೇಳಿ ಬಂದವನನ್ನು ‘ಅಲ್ಲಿ ನಿನ್ನ ಹಳೆಯ ನಂಟು ಯಾರಿದ್ದಾರೆ’ ಎಂದು ಕೇಳುವ ನಿಯಮ ಇದು. ಬೇರು ಇರುವವನಿಗೆ ಕಸಿ ಸುಲಭ, ಸರಿ. ಆದರೆ ಅಣ್ಣನೇ ಗಾಂಜಾ ಕೈಗಿಟ್ಟವನಾಗಿದ್ದರೆ? ಮನೆಯೇ ಕೆಡಿಸಿದ ಮನೆಯಾಗಿದ್ದರೆ? ನಂಟರಿಂದ ತಪ್ಪಿಸಿಕೊಳ್ಳಬೇಕಾದವನಿಗೇ ನಂಟರ ಶಿಫಾರಸು ಬೇಕಾಗುತ್ತದೆ.

ಹಾಗೆಂದು ನಿಯಮವನ್ನು ಬರೀ ನಿರ್ದಯೆ ಎನ್ನಲಾಗದು. ಹಿಂದೆ ಅಮೆರಿಕದ ಊರುಗಳಲ್ಲಿ ‘ಸನ್‌ಡೌನ್ ಪೆರೋಲ್’ ಎಂಬ ಮಾತಿತ್ತು: ಸೂರ್ಯ ಮುಳುಗುವುದರೊಳಗೆ ಗಡಿ ದಾಟು, ನಿನ್ನನ್ನು ಬಿಟ್ಟಿದ್ದೇವೆ. ನಮ್ಮನೆ ಕಸವನ್ನು ಪಕ್ಕದ ಮನೆಯಂಗಳಕ್ಕೆ ಗುಡಿಸುವ ಕೆಲಸ ಅದು. ಹೇಳದೆ ಕೇಳದೆ ಬಂದಿಳಿದವರ ಹೊಣೆ ಯಾರದೂ ಅಲ್ಲ. ಈ ಅವ್ಯವಸ್ಥೆಗೆ ಮದ್ದಾಗಿ 1937ರಲ್ಲಿ ಮೊದಲ ಒಪ್ಪಂದ ಬಂತು. ಸಂತ್ರಸ್ತರ ಮಾತೂ ಇದೆ. ಪರಿಹಾರದ ಹಣ ಕಂತಿನಲ್ಲಿ ಕೊಡುತ್ತಿರುವವನು ದೂರ ಹೋದರೆ ಕಂತು ನಿಂತೀತೆಂಬ ಭಯ ಸುಳ್ಳಲ್ಲ. ಹೊಡೆತ ತಿಂದ ಹೆಂಗಸಿಗೆ ಅವನು ಸಾವಿರ ಮೈಲಿ ಆಚೆ ಹೋಗುವುದೇ ನೆಮ್ಮದಿಯಾಗಿರಲೂಬಹುದು. ಅವಳನ್ನು ಕೇಳದೆ ಎರಡನ್ನೂ ಊಹಿಸುವುದು ತಪ್ಪು.

ನನಗೆ ವಿಚಿತ್ರವೆನಿಸುವುದು ಬೇರೆ. ಜಾಗ ಬದಲಾದರೆ ಮನುಷ್ಯ ಬದಲಾದಾನು ಎಂಬುದನ್ನು ಸರ್ಕಾರಗಳು ನಂಬುವುದಿಲ್ಲವೆಂದಲ್ಲ. ಚೆನ್ನಾಗಿ ನಂಬುತ್ತವೆ, ಆಜ್ಞೆ ತಮ್ಮದಾದರೆ. ಜಾರ್ಜಿಯಾ ರಾಜ್ಯದ ಸಂವಿಧಾನ ಯಾರನ್ನೂ ರಾಜ್ಯದಿಂದ ಹೊರಹಾಕಬಾರದು ಎನ್ನುತ್ತದೆ. ಅಲ್ಲಿರುವುದು 159 ಕೌಂಟಿ. ಕೆಲವು ನ್ಯಾಯಾಧೀಶರು 158ರಿಂದ ನಿಷೇಧಿಸಿ, ಫ್ಲಾರಿಡಾ ಗಡಿಯಲ್ಲಿರುವ, ಜನ ವಿರಳವಾದ ಎಕೋಲ್ಸ್ ಕೌಂಟಿಯೊಂದನ್ನು ಬಿಟ್ಟುಕೊಟ್ಟಿದ್ದಾರೆ. ಅಪರಾಧಿ ಬೇಸತ್ತು ರಾಜ್ಯವನ್ನೇ ಬಿಟ್ಟು ಹೋಗಲಿ ಎಂಬುದೇ ಅದರ ಮರ್ಮ. ಕರ್ನಾಟಕದಲ್ಲೂ 1963ರ ಪೊಲೀಸ್ ಕಾಯ್ದೆಯ 55ನೇ ಕಲಮಿನಡಿ ಗಡಿಪಾರು ಇದೆ. ಚುನಾವಣೆ, ಹಬ್ಬಗಳು ಹತ್ತಿರವಾದಾಗ ಆ ಸುದ್ದಿ ಪತ್ರಿಕೆಗಳಲ್ಲಿ ಕಾಣುತ್ತದೆ. ಸರ್ಕಾರ ತಳ್ಳಿದರೆ ಅದು ಸುಧಾರಣೆ, ಅವನಾಗಿ ಹೊರಟರೆ ಅದು ಪಲಾಯನ. ಈ ಇಬ್ಬಂದಿತನಕ್ಕೆ ಸಮರ್ಥನೆಯಿಲ್ಲ.

ಜನರನ್ನು ನೆಲಕ್ಕೆ ಕಟ್ಟಿಹಾಕಿದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಇಡೀ ಸಮುದಾಯಗಳಿಗೆ ಹಾಜರಿ, ಹೊರಹೋಗಲು ಪಾಸು. ಹುಬ್ಬಳ್ಳಿಯಲ್ಲಿ ಅಂಥವರನ್ನು ಇರಿಸಿದ್ದ ಪ್ರದೇಶಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. 1952ರಲ್ಲಿ ಕಾಯ್ದೆ ಹೋಯಿತು, ಹೆಸರು ಹೋಗಲಿಲ್ಲ. ಅವರು ಮಾಡಿದ ಅಪರಾಧಕ್ಕಾಗಿ ಒಳಗಿದ್ದವರಲ್ಲ, ಹುಟ್ಟಿದ್ದಕ್ಕಾಗಿ. ಆದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ಆರು ವರ್ಷದ ನಂತರ, 1958ರಲ್ಲಿ ಬಂದ ನಮ್ಮ ಪ್ರೊಬೇಷನ್ ಕಾಯ್ದೆ ಈ ವಿಷಯದಲ್ಲಿ ಅಮೆರಿಕಕ್ಕಿಂತ ಮೃದು. ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಅಪರಾಧಿಗೋ ಜಾಮೀನುದಾರನಿಗೋ ಕೋರ್ಟಿನ ವ್ಯಾಪ್ತಿಯಲ್ಲಿ ಕಾಯಂ ಮನೆಯೋ ಕಸುಬೋ ಇರಬೇಕು ಎನ್ನುವ 4ನೇ ಕಲಂ ಅಷ್ಟಕ್ಕೇ ನಿಲ್ಲದೆ, ‘ಮುಂದೆ ಅವನು ವಾಸಿಸಬಹುದಾದ ಸ್ಥಳ’ವನ್ನೂ ಒಪ್ಪುತ್ತದೆ. 8ನೇ ಕಲಮಿನಡಿ ಷರತ್ತು ಬದಲಿಸಿಕೊಡಿ ಎಂದು ಪ್ರೊಬೇಷನ್ ನೋಡಿಕೊಳ್ಳುವ ಪರಿವೀಕ್ಷಣಾಧಿಕಾರಿ ಕೋರ್ಟನ್ನು ಕೇಳಬಹುದು. ಮೊದಲ ಸಲ ಷರತ್ತು ಮೀರಿದರೆ ಕೋರ್ಟು ಹಾಕಬಹುದಾದ ದಂಡ ಹೆಚ್ಚೆಂದರೆ 50 ರೂಪಾಯಿ! ಕೆಲಸ ಹುಡುಕಿಕೊಡುವ ಯತ್ನವನ್ನೂ ಪರಿವೀಕ್ಷಣಾಧಿಕಾರಿಯ ಕರ್ತವ್ಯಗಳಲ್ಲಿ ಸೇರಿಸಿದ್ದಾರೆ. ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಕಾಯ್ದೆಯನ್ನು ಕೋರ್ಟುಗಳಲ್ಲಿ ಕೇಳುವವರೇ ಅಪರೂಪ ಎಂಬುದು ಬೇರೆ ದುಃಖ.

ಒಪ್ಪಿಗೆಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಶಿಕ್ಷೆಯ ಬದಲಿಗೆ ಸಿಕ್ಕ ಸ್ವಾತಂತ್ರ್ಯಕ್ಕೆ ಹೇಳಿಹೋಗುವ ಬಾಧ್ಯತೆ ಇದ್ದೇ ಇದೆ. ಕೇಳಬೇಕಾದ ಪ್ರಶ್ನೆ ಮಾತ್ರ ಬದಲಾಗಬೇಕು. ಅಲ್ಲಿ ನಿನಗೆ ಯಾರಿದ್ದಾರೆ ಎಂಬುದಕ್ಕಿಂತ, ಮೊದಲ ತಿಂಗಳು ಎಲ್ಲಿ ಮಲಗುತ್ತೀ, ಯಾವ ಕೆಲಸಕ್ಕೆ ಹೋಗುತ್ತೀ, ಯಾವ ಅಧಿಕಾರಿಗೆ ಮುಖ ತೋರಿಸುತ್ತೀ, ಪರಿಹಾರದ ಕಂತನ್ನು ಹೇಗೆ ಕಟ್ಟುತ್ತೀ ಎಂದು ಕೇಳಲಿ. ಆರು ತಿಂಗಳ ಮಟ್ಟಿಗೆ ಕಳಿಸಿ ನೋಡಲಿ. ಒಲ್ಲೆ ಎನ್ನುವುದಾದರೆ ಒಲ್ಲೆ ಏಕೆಂದು ಅಧಿಕಾರಿಯೂ ಬರೆದುಕೊಡಲಿ. ಕಾರಣ ಹೇಳುವ ಶಿಸ್ತು ಅರ್ಜಿದಾರನೊಬ್ಬನಿಗೇ ಯಾಕೆ? ಮೊಬೈಲಿನಲ್ಲಿ ಸದಾ ಅವನ ಜಾಡು ಹಿಡಿಯುತ್ತೇವೆ ಎನ್ನುವ ಅಡ್ಡದಾರಿಯೂ ಬೇಡ. ಜಾಮೀನಿನ ಮೇಲಿರುವವರಿಂದ ಗೂಗಲ್ ಮ್ಯಾಪ್ಸ್ ಪಿನ್ ಕೇಳುವ ಷರತ್ತನ್ನು ನಮ್ಮ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತಳ್ಳಿಹಾಕಿದೆ.

ಸದ್ಯಕ್ಕೆ, ಅಮೆರಿಕದ ಯಾವ ರಾಜ್ಯದಲ್ಲೇ ಆಗಲಿ, ಹೋಗುವ ಕಡೆ ನಂಟರೂ ಇಲ್ಲದೆ, ಹಿಂದೆ ಅಲ್ಲಿ ಬಾಳಿದ್ದೂ ಇಲ್ಲದೆ ‘ಹೊಸ ಬದುಕಿಗಾಗಿ’ ಎಂದಷ್ಟೇ ಹೇಳಿಕೊಂಡವನ ಅರ್ಜಿ ವಿವೇಚನೆಯ ಕಡತಕ್ಕೇ ಹೋಗುತ್ತದೆ. ಉತ್ತರ ಬರುವವರೆಗೆ ಅವನು ಹಳೆಯ ಕೇರಿಯಲ್ಲೇ ಇರಬೇಕು.